ನೋವಿಲ್ಲದ ಬಾವು

ಕಳೆದ ಭಾನುವಾರ ಬೆಳಿಗ್ಗೆ ಗೌರಿಬಿದನೂರಿನ ಕ್ಷೌರದಂಗಡಿಯಲ್ಲಿ ನನ್ನ ಮುಖಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ಷನ್ನು ಕಿವಿಯ ಕೆಳಗೆ ನಿಲ್ಲಿಸಿದ. ಅಂಗಡಿಗೆ ಹೊಸಬ. “ಸಾರ್, ಮಂಗನಬಾವಾ? ಎರಡೂ ಕಡೆ ಐತೆ” ಎಂದ. ನೋವಿಲ್ಲಪ್ಪ, ಹಚ್ಚು ಎಂದೆ.

ಈ ಬಾವು ಬಂದು ಕೆಲವು ವರ್ಷಗಳಾದವು. ಮೊದಲು ಕಂಡಾಗ ಪೆರೇಸಂದ್ರದ ಅಕ್ಕ ಮಂಗನಬಾವೆಂದುಕೊಂಡು ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಎರಡೂ ದವಡೆಗೆ ಮೆತ್ತಿದಳು. ಆ ಮುಖದಲ್ಲೇ ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಗೆ ಹೋಗಿ ಸುದ್ದಿ ತಿದ್ದಿದೆ. ಯಾವ ನಾಟಕ, ಯಾವ ಪಾತ್ರ ಎಂದು ಜೊತೆಯವರು ವಿಚಾರಿಸಿದರು. ಚಿಕ್ಕಬಳ್ಳಾಪುರದ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದು ಬೇರೆ: ಕಿವಿಯ ಬುಡದ ಜೊಲ್ಲುರಸದ ಗ್ರಂಥಿಗಳಲ್ಲಿ ಕೊಬ್ಬು ಸೇರಿದೆ, ಗಡ್ಡೆಯಲ್ಲ, ಯಾರಿಗೂ ಅಂಟುವುದಿಲ್ಲ. ಕುಡಿಯುವವರಲ್ಲಿ ಹೀಗಾಗುವುದುಂಟು, ಸಕ್ಕರೆ ಕಾಯಿಲೆಯವರಲ್ಲೂ ಉಂಟು. ನಾನು ಎರಡನೆಯವರ ಪೈಕಿ.

ನೀವೂ ಗಮನಿಸಿರಬಹುದು, ನಮ್ಮ ಕಡೆ ಕೆನ್ನೆ ತುಂಬಿದ್ದರೆ ಮನುಷ್ಯ ಸುಖವಾಗಿದ್ದಾನೆಂದೇ ಅರ್ಥ. ಹೋಟೆಲಿನ ಊಟ ಮಾಡಿಕೊಂಡು ಒಂಟಿಯಾಗಿದ್ದ ನನ್ನನ್ನೂ ಜನ ಹಾಗೆಯೇ ಹೊಗಳಿದರು.

ಆ ದಿನಗಳಲ್ಲೇ ಅಕ್ಕ ನನಗೊಂದು ಸಂಬಂಧ ನೋಡಿದ್ದಳು. ಕೆಂಚಾರ್ಲಹಳ್ಳಿಯ ಶಾಲೆಯ ಟೀಚರು, ನನ್ನ ಹಾಗೆಯೇ ನಲವತ್ತು ದಾಟಿದವರು. ಫೋನಿನಲ್ಲಿ ಕೆಲವು ಸಲ ಮಾತಾಡಿದ್ದೆವು. ಆಮೇಲೆ ನನ್ನ ರೂಮಿಗೆ ಎರಡನೆಯ ಕುರ್ಚಿ ಕೊಂಡಿದ್ದೆ.

“ಶುಗರ್ ವಿಷಯ ಬಾಯಿ ಬಿಡಬೇಡ ಕಣೋ, ಮದುವೆ ಆದ್ಮೇಲೆ ಹೇಳಣ” ಎಂದು ಹೆಣ್ಣು ನೋಡಲು ಹೊರಟ ದಿನ ಅಕ್ಕ ಬಸ್ಸಿನಲ್ಲೇ ಪಾಠ ಮಾಡಿದಳು.

ಟೀಚರ ಮನೆಯಲ್ಲಿ ಪಾಯಸ ಬಂತು. ಅನುಮಾನ ಬಾರದಿರಲೆಂದು ಎರಡನೆಯ ಸಲವೂ ಹಾಕಿಸಿಕೊಂಡೆ. ಟೀಚರ ಸೋದರಮಾವ, ನಿವೃತ್ತ ಕಾಂಪೌಂಡರು, ನನ್ನ ಕೆನ್ನೆಯನ್ನೇ ನೋಡುತ್ತಿದ್ದರು.

“ಏನಪ್ಪಾ, ಸಂಜೆ ಹೊತ್ತು ತಗೊಳ್ಳೋ ಅಭ್ಯಾಸ ಐತಾ? ಇಂಥ ಕೆನ್ನೆ ಬೇಜಾನ್ ನೋಡಿದ್ದೀನಿ.”

“ಅಯ್ಯೋ, ಕಾಫಿ ಬಿಟ್ರೆ ಏನೂ ಮುಟ್ಟಲ್ಲ” ಎಂದು ಅಕ್ಕ ನಕ್ಕಳು. “ನನ್ನ ಕೈ ಊಟಕ್ಕೆ ಮುಖ ತುಂಬ್ಕೊಂಡಿದೆ ಅಷ್ಟೆ.”

ಹೊರಡುವಾಗ ಟೀಚರು ಗೇಟಿನವರೆಗೆ ಬಂದರು. “ನಿಜ ಹೇಳಿ, ಕುಡೀತೀರಾ?”

“ಇಲ್ಲ. ಶುಗರ್ ಇದೆ. ಅದಕ್ಕೇ ಹೀಗೆ.”

“ಮತ್ತೆ ಪಾಯಸ ಎರಡು ಸಲ ಹಾಕಿಸ್ಕೊಂಡ್ರಿ?” ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. “ಮಾವನಿಗೆ ನಾನೇ ಹೇಳ್ತೀನಿ ಬಿಡಿ.”

ವಾಪಸು ಬರುವಾಗ, ಶುಗರ್ ವಿಷಯ ಬಾಯಿ ಬಿಟ್ಟಿದ್ದಕ್ಕೆ, ಚಿಂತಾಮಣಿ ದಾಟುವವರೆಗೆ ಅಕ್ಕ ಬೈದಳು. ನನಗೆ ಆ ನಗುವೇ ಕೇಳುತ್ತಿತ್ತು.

ಮಾವನ ಉತ್ತರ ಅಕ್ಕನ ಫೋನಿಗೆ ಬಂತು: “ಕುಡುಕ ಆಗಿದ್ರೆ ಬಿಡಿಸಬಹುದಿತ್ತಮ್ಮ. ಶುಗರ್ ಬಿಡ್ಸಕ್ಕಾಗತ್ತಾ?”

ಟೀಚರು ಒಮ್ಮೆ ಕರೆ ಮಾಡಿದರು. “ನಾನು ಹೇಳಿ ನೋಡ್ದೆ” ಎಂದರು. ಸರಿ ಎಂದೆ. ಈಗ ಅವರು ಮದುವೆಯಾಗಿ ಶಿಡ್ಲಘಟ್ಟದಲ್ಲಿದ್ದಾರೆ.

ಭಾನುವಾರ ಕ್ಷೌರ ಮುಗಿದ ಮೇಲೆ, ಆ ಹೊಸಬ ಮತ್ತೆ ಕೇಳದಿದ್ದರೂ, ಗ್ರಂಥಿ, ಕೊಬ್ಬು, ಶುಗರ್ ಎಲ್ಲವನ್ನೂ ಹೇಳಿದೆ. ಟೀಚರ ನಂತರ ಇದನ್ನು ನಾನಾಗಿ ಹೇಳಿದ್ದು ಅವನಿಗೇ. “ಇನ್ನೊಂದ್ಸಲ ಡಾಕ್ಟರಿಗೆ ತೋರಿಸ್ಬಿಡಿ ಸಾರ್” ಎಂದ.

ಸೋಮವಾರ ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಆಯಿತು. ಗ್ರಂಥಿಗಳು ಹಿಂದಿನಷ್ಟೇ ಇವೆ. “ಜೊತೇಲಿ ಯಾರು ಬಂದಿದ್ದಾರೆ?” ಎಂದು ಕೌಂಟರಿನಾಕೆ ಕೇಳಿದರು. ಯಾರೂ ಇಲ್ಲ ಎಂದೆ.