ಬಾಡಿಗೆ ಅಂಗಳದ ಓಕ್

ನಮ್ಮ ವೇಲ್ಸಿನ ಬೀದಿಯಲ್ಲಿ ಎಮ್ರಿಸ್ ಪ್ಯೂ ಅವರ ಮನೆಗೆ ಚಹಾ ಕುಡಿಯಲು ಹೋದವರು ಯಾರೂ ಬರಿಗೈಯಲ್ಲಿ ಮರಳಿದ್ದಿಲ್ಲ. ಕಂಕುಳಲ್ಲಿ ಓಕ್ ಸಸಿಯ ಕುಂಡವೊಂದು ಇದ್ದೇ ಇರುತ್ತದೆ. ಮದುವೆಗೂ ಅದೇ ಉಡುಗೊರೆ, ನಾಮಕರಣಕ್ಕೂ ಅದೇ. ‘ನಮ್ದು ಮೂರನೇ ಮಹಡಿ, ಅಂಕಲ್’ ಎಂದು ಮದುಮಗಳು ಕಾರಿಸ್ ಗೋಗರೆದಾಗ, ‘ಒಳ್ಳೇದೇ ಆಯ್ತಲ್ಲಮ್ಮಾ, ಹಕ್ಕಿಗಳಿಗೆ ಹತ್ತಿರ’ ಎಂದರು. ಎಲೆಯ ತುಂಬ ತೂತು ಎಂದು ದೂರಿದವರಿಗೆ ಬೈಗುಳ: ‘ಕಂಬಳಿಹುಳ ಇಲ್ದಿದ್ರೆ ಹಕ್ಕಿಮರಿಗಳಿಗೆ ಏನು, ಬಿಸ್ಕತ್ತು ಹಾಕ್ತೀಯಾ?’ ಓಕ್ ಕಾಯಿಗಳನ್ನು ನೆಲದಲ್ಲಿ ಹೂತಿಟ್ಟು ಮರೆತುಬಿಡುವ ಜೇ ಹಕ್ಕಿ ಅವರ ಪ್ರಕಾರ ಊರಿನ ಏಕೈಕ ಬುದ್ಧಿವಂತ ತೋಟಗಾರ. ಇಷ್ಟೆಲ್ಲ ಹಂಚುವವರ ಹಿತ್ತಲಲ್ಲಿ ಮಾತ್ರ ಒಂದು ಓಕೂ ನೆಲ ಕಂಡಿಲ್ಲ. ಮನೆ ಬಾಡಿಗೆಯದು, ಒಡತಿ ಮಿಸೆಸ್ ಬೈನನ್ ಅಗೆಯಲು ಬಿಡುವುದಿಲ್ಲ. ಸ್ವಂತ ಮನೆಯಾದಾಗ ನೆಡಲೆಂದು ಒಂದೇ ಒಂದು ಸಸಿಯನ್ನು ಬಕೆಟ್ಟಿನಲ್ಲಿ ಉಳಿಸಿಕೊಂಡಿದ್ದರು. ಅದೀಗ ಅವರಿಗಿಂತ ಎತ್ತರ. ಈ ವಸಂತದಲ್ಲಿ ಕೊನೆಗೂ ಪಕ್ಕದ ಊರಿನಲ್ಲಿ ಪುಟ್ಟ ಸ್ವಂತ ಮನೆ ಸಿಕ್ಕಿತು. ಲಾರಿಗೆ ಸಾಮಾನೆಲ್ಲ ಏರಿಸಿ, ಬಕೆಟ್ ಎತ್ತಲು ಹೋದರೆ ಅದು ಅಲ್ಲಾಡಲಿಲ್ಲ. ಬೇರು ತಳ ಸೀಳಿಕೊಂಡು ಎಂದೋ ಒಡತಿಯ ನೆಲಕ್ಕೆ ಇಳಿದುಬಿಟ್ಟಿತ್ತು. ‘ಬೇರು ಕತ್ತರಿಸ್ಲಾ, ತಾತಾ?’ ಲಾರಿಯವನು ಗರಗಸ ಹಿಡಿದು ಬಂದ. ‘ಕತ್ತರಿಸಿದ್ರೆ ಸಾಯುತ್ತೆ ಕಣಯ್ಯಾ.’ ‘ಹಂಗಾದ್ರೆ ಇಲ್ಲೇ ಬಿಟ್ಟು ಬನ್ನಿ.’ ‘ಬಿಟ್ಟು ಹೋದ್ರೆ ಆ ಯಮ್ಮ ನಾಳೆನೇ ಕಡಿಸ್ತಾಳೆ.’ ಎಮ್ರಿಸ್ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಳೆಯ ಎಲೆಯೊಂದನ್ನು ತಿರುವಿ ತೂತು ನೋಡಿದರು. ಆಮೇಲೆ ಎದ್ದು, ‘ಸಾಮಾನೆಲ್ಲ ಇಳಿಸಪ್ಪಾ, ಇವನು ಬರಲ್ಲ ಅಂತಿದಾನೆ’ ಎಂದರು.