ನೀರಿಗೆ ಹಾಕಲು ಮರೆತ ಉಪ್ಪು ಸೊಳೆ

ಹೋದ ವರ್ಷದ ಆಟಿ ತಿಂಗಳಿನ ಮಾತಿದು. ಆಟಿ ಅಂದರೆ ನಮ್ಮ ತುಳುವರಿಗೆ ಜೋರು ಮಳೆಯ, ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ತಿಂಗಳು. ಆದರೆ ತಿನ್ನುವುದಕ್ಕೆ ಮಾತ್ರ ಏನೂ ಕಡಿಮೆ ಇಲ್ಲ. ಪತ್ರೊಡೆ, ಎಳೆ ಬಿದಿರಿನ ಕಣಿಲೆ ಪಲ್ಯ, ಹಲಸಿನ ಬೀಜದ ಸಾರು, ಬೇಸಿಗೆಯಲ್ಲಿ ಭರಣಿಗೆ ಹಾಕಿಟ್ಟ ಉಪ್ಪು ಸೊಳೆ, ಎಲ್ಲವೂ ಹೊರಗೆ ಬರುವುದು ಆಗಲೇ. ಅಂಥ ತಿಂಗಳಿನಲ್ಲಿಯೇ ನನ್ನ ನಾಲಗೆ ನನಗೆ ಕೈಕೊಟ್ಟಿತ್ತು.

ನನ್ನ ಮನೆ ತೋಡಾರಿನಲ್ಲಿ. ಮೂಡುಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಗೆಳತಿ ವಸಂತಿ ಹೊಲಿಗೆ ಮಿಶಿನು ಇಟ್ಟುಕೊಂಡಿದ್ದಾಳೆ. ಪಕ್ಕದ ಫ್ಯಾನ್ಸಿ ಅಂಗಡಿ ಜುಬೈದಾಳದ್ದು. ಅವಳ ಗಂಡ ದುಬೈಯಲ್ಲಿದ್ದಾರೆ. ಮಧ್ಯಾಹ್ನ ವಸಂತಿಯ ಮೇಜಿನ ಮೇಲಿನ ಬಟ್ಟೆ ಬದಿಗೆ ಸರಿಸಿ ಮೂವರೂ ಬುತ್ತಿ ಬಿಚ್ಚುವುದು ಹಲವು ವರ್ಷಗಳ ಕ್ರಮ. ತನ್ನ ಬುತ್ತಿಯನ್ನು ತಾನೇ ಉಂಡವರು ನಮ್ಮಲ್ಲಿ ಯಾರೂ ಇಲ್ಲ. ನನ್ನ ಅಡುಗೆಗೆ ಆ ಮೇಜಿನಲ್ಲಿ ಒಳ್ಳೆಯ ಹೆಸರಿತ್ತು. ನನಗೆ ಅದರ ಕೊಬ್ಬೂ ಸ್ವಲ್ಪ ಇತ್ತು ಅನ್ನಿ.

ಆ ವರ್ಷ ಬೇಸಿಗೆಯಲ್ಲಿ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡು, ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಳಿಕ ಮೂರು ವಾರಕ್ಕೊಮ್ಮೆ ಕಿಮೋ. ಆಪರೇಷನ್ನಿಗೆ ನಾನು ಹೆದರಲಿಲ್ಲ. ಮಲಗಿಸಿದರು, ಎಬ್ಬಿಸಿದರು, ಮುಗಿಯಿತು. ಕಿಮೋ ಹಾಗಲ್ಲ. ಮನೆಗೆ ಬಂದ ಮೇಲೆ ಅದರ ಆಟ ಶುರು. ಒಗ್ಗರಣೆಯ ವಾಸನೆ ಬಂದರೆ ವಾಂತಿ, ಸೋಪಿನ ವಾಸನೆ ಬಂದರೆ ವಾಂತಿ. ಕಾಲಿನಲ್ಲಿ ಬಲವಿಲ್ಲ. ಈಗ ಇಟ್ಟ ಕನ್ನಡಕ ಎಲ್ಲಿ ಎಂದು ಈಗಲೇ ನೆನಪಿಲ್ಲ.

ಕೂದಲು ಉದುರಿದಾಗ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆಚ್ಚು ಹೊತ್ತು ಅಳುವುದಕ್ಕೆ ಆ ಇಬ್ಬರು ಬಿಡಲಿಲ್ಲ. ವಸಂತಿ ರವಿಕೆಯ ಲೈನಿಂಗ್ ಬಟ್ಟೆಯಲ್ಲಿ ಮೆತ್ತಗಿನ ಟೊಪ್ಪಿಗಳನ್ನು ಹೊಲಿದು ತಂದಳು. ಅದರ ಮೇಲೆ ಶಾಲು ಸುತ್ತಿ, ಜಾರದ ಹಾಗೆ ಪಿನ್ನು ಚುಚ್ಚುವ ವಿದ್ಯೆಯನ್ನು ಜುಬೈದಾ ಕಲಿಸಿದಳು. ಹಾಗೆ ಸುತ್ತಿಕೊಂಡು ಒಮ್ಮೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನನ್ನೊಡನೆ ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಕಷ್ಟಸುಖ ಮಾತಾಡಲು ಶುರುಮಾಡಿದರು. ನಾನೂ ಜುಬೈದಾಳಿಂದ ಕಲಿತ ನಾಲ್ಕು ಮಾತು ಎಸೆದು, ಇಳಿಯುವವರೆಗೆ ಮಾನ ಉಳಿಸಿಕೊಂಡೆ. ಜುಬೈದಾಳಿಗೆ ಹೇಳಿದಾಗ ಅವಳು ಅಂಗಡಿಯ ಬಾಗಿಲಲ್ಲೇ ಕೂತು ನಕ್ಕಳು.

ನಗಲಿಕ್ಕೆ ಆಗದೆ ಇದ್ದದ್ದು ರುಚಿಯ ವಿಷಯ. ಎರಡನೆಯ ಕಿಮೋ ಆದ ಮೇಲೆ ಬಾಯಿಗೆ ಏನು ಹಾಕಿದರೂ ಒಂದೇ ಆಯಿತು. ಗಂಜಿ ಗಂಜಿಯಲ್ಲ, ಮೀನು ಮೀನಲ್ಲ, ಎಲ್ಲವೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಗೆಳತಿಯರಿಬ್ಬರೂ ಪಂಥ ಕಟ್ಟಿದವರಂತೆ ದಿನಕ್ಕೊಂದು ಮಾಡಿ ತಂದರು. ವಸಂತಿ ತಿಮರೆ, ಅಂದರೆ ಒಂದೆಲಗದ ಚಟ್ನಿ ತಂದಳು. ಜುಬೈದಾ ತೆಳ್ಳಗಿನ ಅಕ್ಕಿ ರೊಟ್ಟಿ ಪತ್ತಿರಿ, ತೆಂಗಿನ ಹಾಲಿನ ಕೋಳಿ ಸಾರು ತಂದಳು. ಪುನರ್ಪುಳಿ, ಮಾವಿನ ಮಿಡಿ, ಎಲ್ಲವೂ ಬಂದವು.

"ಸ್ವಲ್ಪ ಆದ್ರೂ ಗೊತ್ತಾಗ್ತದಾ ಪುಷ್ಪಕ್ಕ?" ಎಂದು ಜುಬೈದಾ ನನ್ನ ಬಾಯಿಯನ್ನೇ ನೋಡುತ್ತಾ ಕೇಳುತ್ತಿದ್ದಳು.

"ಚಂದ ಉಂಟು" ಎಂದು ಸುಳ್ಳು ಹೇಳಿ ಎರಡು ತುತ್ತಿಗೇ ತಟ್ಟೆ ದೂಡುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು.

ತಿನ್ನದೆ ತೂಕ ಇಳಿಯಿತು. ಸೀರೆ ಉಟ್ಟರೆ ಬಿದಿರಿಗೆ ಸುತ್ತಿದ ಹಾಗೆ ಕಾಣುತ್ತಿತ್ತು. ಡಾಕ್ಟರು, "ಹೀಗೆ ಇಳಿಯುತ್ತಾ ಹೋದರೆ ಮುಂದಿನ ಡೋಸು ಕೊಡುವುದು ಕಷ್ಟವಾಗುತ್ತದೆ. ಮದ್ದು ನಡುವೆ ನಿಲ್ಲಬಾರದು. ಹೇಗಾದರೂ ಮಾಡಿ ತಿನ್ನಿ" ಎಂದು ಹೇಳಿ ಕಳಿಸಿದರು. ಹೇಗಾದರೂ ಮಾಡಿ ಅಂದರೆ ಹೇಗೆ ಎಂದು ನನಗೆ ಸಿಟ್ಟು ಬಂತು. ಮೂರನೆಯ ಕಿಮೋ ಬುಧವಾರ ಇತ್ತು. ಅದರ ಹಿಂದಿನ ಶುಕ್ರವಾರ ನಮ್ಮವರ ಹತ್ತಿರ ಖಡಾಖಂಡಿತವಾಗಿ ಹೇಳಿದೆ, "ನನಗೆ ಸಾಕಾಯಿತು. ನಾನಿನ್ನು ಹೋಗುವುದಿಲ್ಲ. ಆದದ್ದು ಆಗಲಿ."

ನಮ್ಮವರು ರಿಕ್ಷಾ ಓಡಿಸುವವರು, ಮಾತು ಕಡಿಮೆ. ನನ್ನೊಡನೆ ವಾದ ಮಾಡಿ ಗೆದ್ದ ಚರಿತ್ರೆಯೂ ಅವರಿಗಿಲ್ಲ. ಅವರು ಅಂಗಳಕ್ಕೆ ಹೋಗಿ ವಸಂತಿಗೆ ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ ಅವಳ ಫೋನು ನನಗೆ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿಕೊಂಡೆ.

ಅವಳು ಬೈಯಲಿಲ್ಲ. "ಆಯ್ತು, ನಿಲ್ಲಿಸುವ ಅಂತಾದ್ರೆ ನಿಲ್ಲಿಸುವ. ನಿನ್ನ ಮೈ, ನಿನ್ನ ಇಷ್ಟ. ಆದ್ರೆ ನಿನ್ನ ಕೈ ಅಡುಗೆ ಉಣ್ಣದೆ ನಮ್ಗೆ ಎಷ್ಟು ಸಮಯ ಆಯ್ತು ಹೇಳು? ಆದಿತ್ಯವಾರ ನಾನೂ ಜುಬೈದಾನೂ ಊಟಕ್ಕೆ ಬರ್ತೇವೆ. ಮಾಡುವುದು ನೀನೇ" ಅಂದಳು.

"ಎಂಥ ಮಾರಾಯ್ತಿ, ನಿಲ್ಲಿಕ್ಕೆ ಬಲ ಇಲ್ಲ ನನಗೆ."

"ಕೂತು ಮಾಡು. ಆಟಿಯಲ್ಲಿ ಉಪ್ಪು ಸೊಳೆ ಪಲ್ಯ ಹಾಕದಿದ್ರೆ ನೀನು ಯಾವ ಸೀಮೆಯ ಗೆಳತಿ?"

ಅಡುಗೆಯ ವಿಷಯದಲ್ಲಿ ಯಾರಾದರೂ ಕೆಣಕಿದರೆ ಸುಮ್ಮನಿರುವ ಜನ ಅಲ್ಲ ನಾನು. ಒಪ್ಪಿಕೊಂಡೆ.

ಉಪ್ಪು ಸೊಳೆ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸಿಗೆಯಲ್ಲಿ ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ, ಕಲ್ಲುಪ್ಪು ಹಾಕಿ ಭರಣಿಯಲ್ಲಿ ಒತ್ತಿ ಮುಚ್ಚಿಡುತ್ತೇವೆ. ಅದು ವರ್ಷ ಕಳೆದರೂ ಕೆಡುವುದಿಲ್ಲ. ಆದರೆ ಭರಣಿಯಿಂದ ತೆಗೆದ ಸೊಳೆಯನ್ನು ಹಾಗೆಯೇ ತಿನ್ನಲು ಮನುಷ್ಯರಿಂದ ಸಾಧ್ಯವಿಲ್ಲ. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಹಿಂಡಿ, ಒಂದು ಚೂರು ಬಾಯಿಗೆ ಹಾಕಿ ಉಪ್ಪು ಬಿಟ್ಟಿದೆಯೇ ಎಂದು ನೋಡಿ, ಆಮೇಲೆಯೇ ಪಲ್ಯಕ್ಕೆ ಹಾಕುವುದು.

ಶನಿವಾರ ಸಂಜೆ ಭರಣಿಯಿಂದ ಸೊಳೆ ತೆಗೆದು ಪಾತ್ರೆಗೆ ಹಾಕಿದೆ. ಸುಸ್ತಾಯಿತು, ಪಾತ್ರೆಗೆ ತಟ್ಟೆ ಮುಚ್ಚಿ ಐದು ನಿಮಿಷ ಅಡ್ಡಾದೆ. ಎದ್ದಾಗ ಬೆಳಗಾಗಿತ್ತು. ಪಾತ್ರೆ ನೋಡಿದರೆ ಅಡಿಯಲ್ಲಿ ನೀರು ಇತ್ತು. ಅದು ಸೊಳೆಯೇ ಬಿಟ್ಟ ಉಪ್ಪುನೀರು ಎಂದು ನನ್ನ ಆಗಿನ ತಲೆಗೆ ಹೊಳೆಯಲಿಲ್ಲ. ನೆನೆಹಾಕಿದ್ದೇನೆ ಎಂದೇ ನಂಬಿ ಹಿಂಡಿದೆ. ಒಂದು ಚೂರು ಬಾಯಿಗೆ ಹಾಕಿ ನೋಡಬೇಕಿತ್ತು. ಮೊಳೆ ಚೀಪುವ ಬಾಯಿಗೆ ನೋಡಿ ಏನು ಪ್ರಯೋಜನ ಎಂದು ಬಿಟ್ಟೆ. ಅತ್ತೆ ಇದ್ದಿದ್ದರೆ ಅವರಾದರೂ ನೋಡುತ್ತಿದ್ದರು. ಅವರು ಬೆಳಿಗ್ಗೆಯೇ ಬಂಟ್ವಾಳಕ್ಕೆ ನಾದಿನಿಯ ಮನೆಗೆ ಹೊರಟಾಗಿತ್ತು. ಮೂಗಿಗೆ ಶಾಲು ಕಟ್ಟಿಕೊಂಡು ಒಗ್ಗರಣೆ ಹಾಕಿದೆ, ಕಾಯಿತುರಿ ಮಸಾಲೆ ಸೇರಿಸಿದೆ. ಸಾಲದ್ದಕ್ಕೆ, ನೆನೆಹಾಕಿದ ಸೊಳೆ ಸಪ್ಪೆಯಾಗಿರಬಹುದು ಎಂದು ಅಂದಾಜಿಗೆ ಒಂದು ಚಿಟಿಕೆ ಉಪ್ಪನ್ನೂ ಉದುರಿಸಿದೆ.

ಮಧ್ಯಾಹ್ನ ಇಬ್ಬರೂ ಬಂದರು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಪಲ್ಯ. ನನ್ನ ತಟ್ಟೆಗೂ ವಸಂತಿಯೇ ಬಡಿಸಿದಳು. ಎಂದಿನಂತೆ ಎರಡು ತುತ್ತು ನುಂಗಿ ಮುಗಿಸುವ ಲೆಕ್ಕದಲ್ಲಿ ನಾನು ಪಲ್ಯ ಕಲಸಿ ಬಾಯಿಗೆ ಹಾಕಿದೆ.

ನಾಲಗೆಯಲ್ಲಿ ಏನೋ ಆಯಿತು. ಮೊದಲು ನಂಬಿಕೆ ಬರಲಿಲ್ಲ. ಇನ್ನೊಂದು ತುತ್ತು ಹಾಕಿದೆ. ಹೌದು, ರುಚಿ! ದೂರದಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ ಸಣ್ಣಗೆ, ಆದರೆ ಖಂಡಿತವಾಗಿಯೂ ಉಪ್ಪಿನ ರುಚಿ, ಅದರ ಹಿಂದೆ ಹಲಸಿನ ರುಚಿ.

"ವಸಂತಿ, ನನಗೆ ರುಚಿ ಗೊತ್ತಾಗ್ತಾ ಉಂಟು!" ಎಂದು ಕಿರುಚಿದೆ. ಕಣ್ಣಲ್ಲಿ ನೀರು ಬಂತು. "ಹೇಗೆ ಆಗಿದೆ? ಚಂದ ಆಗಿದೆ ಅಲ್ವಾ?"

ಇಬ್ಬರೂ ಅಷ್ಟರಲ್ಲಿ ಮೊದಲ ತುತ್ತು ಬಾಯಿಗೆ ಹಾಕಿಯಾಗಿತ್ತು. ಜುಬೈದಾಳ ಕಣ್ಣು ಒಮ್ಮೆ ಅಗಲವಾಯಿತು. ವಸಂತಿ ಅಗಿಯುವುದನ್ನು ನಿಲ್ಲಿಸಿದಳು. ಒಬ್ಬರನ್ನೊಬ್ಬರು ನೋಡಿಕೊಂಡರು. ನನ್ನ ಸಂತೋಷಕ್ಕೆ ಅವರ ಬಾಯಿ ಕಟ್ಟಿತು ಎಂದುಕೊಂಡೆ.

"ಚಂದ ಆಗಿದೆ" ಎಂದಳು ವಸಂತಿ, ನುಂಗಿ.

"ಫಸ್ಟ್ ಕ್ಲಾಸ್ ಪುಷ್ಪಕ್ಕ" ಎಂದಳು ಜುಬೈದಾ, ನೀರಿನ ಲೋಟ ಎತ್ತುತ್ತಾ.

"ಹಾಗಾದರೆ ಇನ್ನು ಸ್ವಲ್ಪ ಬಡಿಸು" ಎಂದು ನಾನು ತಟ್ಟೆ ಮುಂದೆ ಮಾಡಿದೆ. ವಸಂತಿ ನನಗೆ ಪಲ್ಯ ಸ್ವಲ್ಪವೇ, ಅನ್ನ ಮಾತ್ರ ಒಳ್ಳೆ ರಾಶಿ ಬಡಿಸಿದಳು. ನಾನು ಬಿಡುತ್ತೇನೆಯೇ? ಅತಿಥಿಗಳಿಗೆ ಕಡಿಮೆಯಾಗಬಾರದು ಎಂದು ನಾನೇ ಸೌಟು ಹಿಡಿದು ಇಬ್ಬರಿಗೂ ಎರಡೆರಡು ಸಲ ಬಡಿಸಿದೆ. ಉಂಡರು. ಜುಬೈದಾ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ಇಷ್ಟು ಸರಿಯಾಗಿ ನಡೆದದ್ದನ್ನು ಬೇರೆಲ್ಲೂ ನೋಡಿಲ್ಲ. ನಮ್ಮವರು ರಿಕ್ಷಾ ನಿಲ್ಲಿಸಿ ಒಳಗೆ ಬಂದು ತಟ್ಟೆ ತೆಗೆದುಕೊಂಡಾಗ ವಸಂತಿ ಪಲ್ಯದ ಪಾತ್ರೆಯನ್ನು ಎಳೆದುಕೊಂಡು, "ಅಣ್ಣ, ನಿಮ್ಗೆ ಬಿ.ಪಿ. ಉಂಟಲ್ಲ, ಇದು ನಿಮ್ಗೆ ಬೇಡ. ಸಾರಿನಲ್ಲಿ ಉಣ್ಣಿ" ಅಂದಳು. ಎಷ್ಟು ಕಾಳಜಿ ಇವಳಿಗೆ ಎಂದು ನನಗೆ ಇನ್ನೂ ಸಂತೋಷವಾಯಿತು.

ಅಂದು ಒಂದು ತಟ್ಟೆ ಅನ್ನ ಪೂರ್ತಿ ಉಂಡೆ. ಆಪರೇಷನ್ ಆದ ಮೇಲೆ ಅಷ್ಟು ಉಂಡದ್ದು ಅದೇ ಮೊದಲು.

ಸಂಜೆ ನಾವು ಮೂವರೂ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಅತ್ತೆ ಬಂದರು. ಬಂದವರೇ ಅಡುಗೆಮನೆಗೆ ಹೋಗಿ, "ಸೊಳೆ ಪಲ್ಯ ಮಾಡಿದ್ದೀಯಾ ಪುಷ್ಪಾ?" ಎಂದು ಪಾತ್ರೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿದರು. ಮುಂದಿನ ಕ್ಷಣ ಹಿತ್ತಿಲ ಬಾಗಿಲಿನಲ್ಲಿ ಉಗುಳುವ ಶಬ್ದ. ಅಲ್ಲಿಂದಲೇ ಕೂಗಿದರು, "ಎಂಥದಿದು ಮಾರಾಯ್ತಿ! ಭರಣಿಯಿಂದ ಸೀದಾ ಬಾಣಲೆಗೆ ಹಾಕಿದ್ದಾ? ಎಮ್ಮೆ ಕೂಡ ಮೂಸಲಿಕ್ಕಿಲ್ಲ ಇದನ್ನು!"

ನಾನು ಇಬ್ಬರ ಮುಖ ನೋಡಿದೆ. ಅವರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದ್ದರು. ಜುಬೈದಾಳ ಹೆಗಲು ಕುಲುಕಲು ಶುರುವಾಯಿತು. ಅಷ್ಟೇ, ತಡೆಯಲು ಆಗಲಿಲ್ಲ. ಮೂವರೂ ಬಿದ್ದು ಬಿದ್ದು ನಕ್ಕೆವು. ನನ್ನ ಟೊಪ್ಪಿ ಜಾರಿ ಮಡಿಲಿಗೆ ಬಿತ್ತು, ಬೋಳು ತಲೆಯಲ್ಲೇ ನಕ್ಕೆ. ಅತ್ತೆ ಬಾಗಿಲಿಗೆ ಬಂದು, ಇವರಿಗೆಲ್ಲ ಏನಾಯಿತು ಎಂದು ನಿಂತು ನೋಡಿದರು.

"ಹೇಳುವುದಲ್ವಾ ನೀವು? ಅಷ್ಟು ಉಪ್ಪು ಹೇಗೆ ತಿಂದಿರಿ?" ಎಂದು ಕೇಳಿದೆ.

ಜುಬೈದಾ ಕಣ್ಣೊರೆಸಿಕೊಂಡು ಹೇಳಿದಳು, "ಇನ್ನು ಸ್ವಲ್ಪ ಬಡಿಸು ಅಂತ ನೀವು ಬಾಯಿಬಿಟ್ಟು ಕೇಳಿದ್ದು ಎಷ್ಟು ದಿನದ ನಂತರ ಪುಷ್ಪಕ್ಕ? ಆವಾಗ ಉಪ್ಪು ಜಾಸ್ತಿ ಅಂತ ಹೇಳ್ಲಿಕ್ಕೆ ನಮ್ಗೇನು ಹುಚ್ಚಾ? ಹೇಳಿದ್ರೆ ನೀವು ತಟ್ಟೆ ಬಿಟ್ಟು ಏಳ್ತಿದ್ರಿ."

ನನ್ನ ನಗು ಅಲ್ಲಿಗೆ ನಿಂತಿತು. ನಾನು ಎರಡು ತುತ್ತು ಹೆಚ್ಚು ಉಣ್ಣಲಿ ಎಂದು ಇವರು ಬಾಯಿ ಸುಟ್ಟುಕೊಂಡು ತಟ್ಟೆ ಖಾಲಿ ಮಾಡಿದ್ದರು. ನಾನೋ, ಆದದ್ದು ಆಗಲಿ ಎಂದು ಕೂತಿದ್ದೆ. ಜುಬೈದಾಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ವಸಂತಿ, "ಸಾಕು, ಕಣ್ಣೀರಲ್ಲಿಯೂ ಉಪ್ಪುಂಟು, ಇವತ್ತಿಗೆ ನಮ್ಗೆ ಉಪ್ಪು ಬೇಡ ಮಾರಾಯ್ತಿ" ಅಂದಳು. ಮತ್ತೆ ನಗು.

ಇಬ್ಬರೂ ಚಪ್ಪಲಿ ಹಾಕುವಾಗ ನಾನು ನಮ್ಮವರನ್ನು ಕೇಳಿದೆ, "ಬುಧವಾರ ಎಷ್ಟು ಗಂಟೆಗೆ ಹೊರಡುವ?" ಅವರು ರಿಕ್ಷಾದ ಗಾಜು ಒರೆಸಲು ಹೋದರು. ಸಂತೋಷವಾದರೆ ಅವರು ಮಾಡುವುದೇ ಅದು.

ಬುಧವಾರ ಡಾಕ್ಟರಿಗೆ ಈ ಕತೆ ಹೇಳಿದಾಗ ಅವರೂ ನಕ್ಕರು. ಆಮೇಲೆ ಗದರಿದರು. ಉಪ್ಪು ಹಾಗೆ ತಿನ್ನಬಾರದು, ಹುಳಿ ತಿಂದು ನೋಡಿ, ಲಿಂಬೆ ಹಿಂಡಿಕೊಳ್ಳಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿ, ಸ್ಟೀಲಿನ ಚಮಚ ಬೇಡ ಎಂದರು. ವಸಂತಿ ಮರದ ಚಮಚ ತಂದಳು. ಜುಬೈದಾ ಹುಳಿಯ ಜವಾಬ್ದಾರಿ ವಹಿಸಿಕೊಂಡಳು. ಉಳಿದ ಕಿಮೋಗಳು ಸುಲಭವಾಗಿರಲಿಲ್ಲ. ಆದರೆ ಒಂದನ್ನೂ ತಪ್ಪಿಸಲಿಲ್ಲ. ಮದ್ದು ಮುಗಿದು ಕೆಲವು ತಿಂಗಳಲ್ಲಿ ನಾಲಗೆ ಮೆಲ್ಲಮೆಲ್ಲಗೆ ಮರಳಿತು. ತಲೆಯಲ್ಲಿ ಈಗ ಗುಂಗುರು ಕೂದಲು ಬಂದಿದೆ, ಮೊದಲಿಗಿಂತ ಚಂದ ಎಂದು ನನ್ನದೇ ಅಭಿಪ್ರಾಯ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಗಾದೆ ಕಟ್ಟಿದವರಿಗೆ ಇಂಥ ಗೆಳತಿಯರು ಸಿಕ್ಕಿರಲಿಲ್ಲವೋ ಏನೋ. ಆ ಊಟವನ್ನು ನೆನೆದಾಗಲೆಲ್ಲ ನನಗೆ ಈಗಲೂ ನಗು ಬರುತ್ತದೆ.

ಈ ವರ್ಷ ಆಟಿಯಲ್ಲಿ ಮತ್ತೆ ಅವರನ್ನು ಕರೆದೆ. ಹಿಂದಿನ ದಿನವೇ ಸೊಳೆ ನೆನೆಹಾಕಿ, ನಂಬಿಕೆ ಸಾಲದೆ ಮೂರು ಮೂರು ಸಲ ನೀರು ಬದಲಿಸಿ ಪಲ್ಯ ಮಾಡಿದೆ. ಇಬ್ಬರೂ ಒಂದು ತುತ್ತು ಬಾಯಿಗೆ ಹಾಕಿ, "ಚಂದ ಆಗಿದೆ, ಎಲ್ಲ ಸರಿ ಉಂಟು" ಅಂದರು. ನಾನು ಅವರ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಆಮೇಲೆ ನಾನೂ ಒಂದು ತುತ್ತು ತಿಂದು ನೋಡಿದೆ. ಉಪ್ಪು ಸಾಲದಾಗಿತ್ತು.