ರೊಟ್ಟಿಯ ಸದ್ದಿನಲ್ಲಿ ಸಿಕ್ಕಿಬಿದ್ದ ಹೂಂ

ನಮ್ಮ ಮನೆಯಲ್ಲಿ ಮುಖ್ಯವಾದ ಮಾತುಗಳೆಲ್ಲ ಹುಟ್ಟುವುದು ರೊಟ್ಟಿ ಬಡಿಯುವ ಹೊತ್ತಿಗೇ. ಒಲೆಯ ಮೇಲೆ ಹಂಚು, ಕಲ್ಲಿನ ಮೇಲೆ ಜೋಳದ ಹಿಟ್ಟು, ಹಿಟ್ಟಿನ ಮೇಲೆ ನನ್ನ ಹೆಂಡತಿ ಶಾಂತವ್ವನ ಅಂಗೈ. ಆ ಪಟಪಟದ ನಡುವೆ, ತಲೆ ಎತ್ತದೆಯೇ, ಅವಳು ಹೊಲದ್ದು, ಬೀಗರದ್ದು, ಓಣಿಯದ್ದು ಎಲ್ಲವನ್ನೂ ಇತ್ಯರ್ಥ ಮಾಡಿಬಿಡುತ್ತಾಳೆ. ಎದುರಿಗೆ ತಾಟು ಹಿಡಿದು ಕೂತ ನನ್ನ ಪಾಲಿಗೆ ಉಳಿಯುವುದು ಹೂಂಗುಟ್ಟುವುದಷ್ಟೆ.

ಹೋದ ತಿಂಗಳು ಹಾಗೆಯೇ ಏನೋ ಕೇಳಿದಳು, ನಾನು ಹೂಂ ಅಂದೆ. ಅವಳು ಕೈ ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, "ಹಂಗಾದ್ರ ನಿಮ್ಮ ಒಪ್ಪಿಗಿ ಐತಿ ಅಂದಂಗಾತು" ಎಂದಳು. ಯಾವುದಕ್ಕೆ ಒಪ್ಪಿದೆ? ದೇವರಾಣೆ ಗೊತ್ತಿಲ್ಲ. ಮತ್ತೆ ಕೇಳೋಣವೆಂದರೆ ಇಷ್ಟು ವರ್ಷದ ಹೂಂಗಳ ಬಂಡವಾಳವೆಲ್ಲ ಬಯಲಾದೀತೆಂಬ ಅಂಜಿಕೆ. ಎಮ್ಮೆ ಮಾರುವುದಕ್ಕೋ, ದುಮ್ಮವಾಡದ ಅವಳ ತಂಗಿಗೆ ಹಿತ್ತಲು ಬಿಟ್ಟುಕೊಡುವುದಕ್ಕೋ ಎಂದು ದಿನವೂ ತರ್ಕಿಸಿ ಸೋತು, ಕಡೆಗೆ ಬ್ಯಾಂಕಿನ ಕೆಲಸವಿದೆಯೆಂದು ಹೇಳಿ ಧಾರವಾಡದಲ್ಲಿ ಕಿವಿ ಪರೀಕ್ಷೆ ಮಾಡುವವರ ಹತ್ತಿರ ಹೋದೆ.

ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟರು. ಕೇಳಿಸಿದರೆ ಒತ್ತಬೇಕು. ನಿಶ್ಶಬ್ದದಲ್ಲಿ ಸೊಳ್ಳೆಯಷ್ಟು ಸಣ್ಣ ಸ್ವರವೂ ಕೇಳಿಸಿತು; ಬೀಗಿದೆ. ಆಮೇಲೆ ಅದರ ಜೊತೆ ಸುಂಯ್ಯೆನ್ನುವ ಗದ್ದಲವನ್ನೂ ಬಿಟ್ಟರು. ಗದ್ದಲದ ಶ್ರುತಿ ಸ್ವರಕ್ಕಿಂತ ತೀರ ತಗ್ಗಿನಲ್ಲಿದ್ದಾಗ ಎರಡೂ ಬೇರೆ ಬೇರೆ. ಅದು ಏರುತ್ತೇರುತ್ತ ಸ್ವರದ ಮಗ್ಗುಲಿಗೆ ಬಂದಂತೆ ಸ್ವರ ಮಾಯ. ಗದ್ದಲ ಎಷ್ಟು ದೂರದಲ್ಲಿದ್ದಾಗಲೇ ಸ್ವರ ಮಾಯವಾಗುತ್ತದೆ ಎಂಬುದೇ ಅವರ ಅಳತೆಯಂತೆ.

"ಕಿವಿಯೊಳಗ ಒಂದೊಂದ ಸ್ವರಕ್ಕ ಒಂದೊಂದ ಹಿಟ್ಟ ಸೋಸೂ ಸಾಣಿಗಿ ಇದ್ದಂಗ್ರಿ ಕಾಕಾ. ನಿಮ್ಮ ಸಾಣಿಗಿ ಕಣ್ಣ ಅಗಲ ಆಗ್ಯಾವ. ಸದ್ದು ಕೇಳತೈತಿ, ಬ್ಯಾರೆ ಬ್ಯಾರೆ ಆಗಂಗಿಲ್ಲ" ಎಂದಳು ಪರೀಕ್ಷೆ ಮಾಡಿದ ಹುಡುಗಿ.

ನನ್ನ ಗೊಂದಲ ಹೆಚ್ಚಾದದ್ದೇ ಅಲ್ಲಿಂದ, ನೋಡಿ. ಸ್ವರ ಯಾವುದು, ಗದ್ದಲ ಯಾವುದು ಎಂದು ಆ ಕೋಣೆಯಲ್ಲಿ ಮೊದಲೇ ಹೇಳಿಕೊಡುತ್ತಾರೆ. ಮನೆಯಲ್ಲಿ ಹೇಳಿಕೊಡುವವರು ಯಾರು? ಬೇಕಾದದ್ದನ್ನು ಆರಿಸಿಕೊಳ್ಳುವುದು ಕಿವಿಯೋ ಮನಸ್ಸೋ? ಬಸ್ಸು ನಮ್ಮ ಬಮ್ಮಿಗಟ್ಟಿ ಮುಟ್ಟುವವರೆಗೂ ವಿಚಾರ ಮಾಡಿದೆ, ತಲೆಬುಡ ತಿಳಿಯಲಿಲ್ಲ.

ಮರುದಿನ ತಾಟಿನ ಮುಂದೆ ಕೂತು, ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅವತ್ತ ನಾ ಯಾತಕ್ಕ ಹೂಂ ಅಂದ್ನಿ?"

ಶಾಂತವ್ವ ಕೈ ನಿಲ್ಲಿಸಿದಳು. "ಬಲಗೈ ಭಾಳ ನೋಯಾಕತ್ತೈತಿ, ಇನ್ನ ರೊಟ್ಟಿ ಅಂಗಡಿಯಿಂದ ತರೂಣೇನ್ರಿ ಅಂತ ಕೇಳಿದ್ದೆ. ಹೂಂ ಅಂದ್ರಿ. ಮರದಿನ ಮತ್ತ ತಾಟ ಹಿಡಕೊಂಡ ಕುಂತ್ರಿ."

ನಾಚಿಕೆಯಾಗಿ, ಮುರಿದ ತುತ್ತನ್ನು ತಾಟಿಗೇ ಇಳಿಸಿದೆ. ಅವಳು ಮತ್ತೆ ಬಡಿಯತೊಡಗಿದಾಗ ನನಗೆ ಕೇಳಿಸಿತು: ಬಲಗೈಯ ಆ ಪಟಪಟ ಎಂದೋ ಎಡಗೈಯ ತಡವರಿಕೆಯಾಗಿತ್ತು, ಪಟ್... ಪಟ್... ಮಾತನ್ನು ಮುಚ್ಚುವ ಗದ್ದಲವೆಂದು ನಾನು ಬೈದುಕೊಂಡಿದ್ದ ಸದ್ದೇ ಇಷ್ಟು ದಿನ ಅವಳ ಮಾತನ್ನು ಹೇಳುತ್ತಿತ್ತು. ಇದು ಯಾವ ಸಾಣಿಗೆಯ ದೋಷವೋ, ಆ ಹುಡುಗಿಯನ್ನು ಕೇಳಿ ಬರಬೇಕು.

ಈಗ ಅಂಗಡಿಯ ರೊಟ್ಟಿ ಸಿಗದ ದಿನ ಹಿಟ್ಟಿನ ಮುಂದೆ ನಾನೇ ಕೂರುತ್ತೇನೆ. ನನ್ನ ರೊಟ್ಟಿಗೆ ಅಂಚೂ ಇಲ್ಲ, ಆಕಾರವೂ ಇಲ್ಲ. ಸದ್ದು ಮಾತ್ರ ಮನೆ ತುಂಬ. ಇವತ್ತು ಬಡಿಯುತ್ತಿದ್ದಾಗ, ತಾಟು ಹಿಡಿದು ಕೂತ ಶಾಂತವ್ವ ಏನೋ ಅಂದಳು. ಬಾಯಿಗೆ ಬಂದ ಹೂಂ ಅನ್ನು ನುಂಗಿಕೊಂಡು, ಹಿಟ್ಟಿನ ಕೈಯನ್ನು ಕಲ್ಲಿನಿಂದ ಮೇಲೆತ್ತಿ ಹಿಡಿದು ಕೇಳಿದೆ:

"ಏನಂದಿ?"